ಸದ್ದಿಲ್ಲದೆ ಇಳಿದ ಮೂರು ಮಣ

ಹಮಾಲಿ ತಾತನ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಎಮ್ಮೆ ಕೊಂಬಿನ ಬಣ್ಣದ ದಪ್ಪ ಚರ್ಮ, ಬೆರಳುಗಳ ಬುಡದಲ್ಲಿ ಹುಣಸೆಬೀಜದಂಥ ನಾಲ್ಕು ಗಂಟು, ಅಷ್ಟೇ. ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಕೂರುತ್ತಿದ್ದ ಕೈ ನೋಡುವವನು ಒಂದು ದಿನ ಆ ಕೈ ಹಿಡಿದು, ಬಿಸಿಲಿಗೆ ತಿರುಗಿಸಿ, ಪಂಚೆಯ ಚುಂಗಿನಿಂದ ಒರೆಸಿ ನೋಡಿ, ಕೊನೆಗೆ ಬೆರಳು ಮಡಚಿ ವಾಪಸು ಕೊಟ್ಟ.

"ಇದ್ರಾಗೆ ಏನೂ ಬರ್ದಿಲ್ಲ ತಾತ."

"ಬರ್ದಿತ್ತು ಕಣಪ್ಪ, ಸವ್ದೋಯ್ತು" ಅಂದು ತಾತ ಎದ್ದ.

ಪಕ್ಕದಲ್ಲಿ ನಿಂತಿದ್ದ ನನ್ನ ಕೈಯನ್ನು ಅವನು ಕೇಳದೆಯೇ ಎಳೆದುಕೊಂಡು, ನೀವು ದೊಡ್ಡ ಅಧಿಕಾರಿಯಾಗುತ್ತೀರಿ ಅಂದ. ನನ್ನ ಕೈ ಅಷ್ಟು ಮೆತ್ತಗಿತ್ತು.

ಆಗ ನನಗೆ ಇಪ್ಪತ್ತೆರಡು. ಜಂಕ್ಷನ್ನಿನ ಹಿಂದೆ ಇದ್ದ ಒಂದು ಸರಕಿನ ಗೋದಾಮಿನಲ್ಲಿ ತೂಕದ ಗುಮಾಸ್ತ. ಕ್ಯಾಸಂಬಳ್ಳಿ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ರಾಗಿ, ಹುರುಳಿ, ಹುಣಸೆಹಣ್ಣೆಲ್ಲ ಪೇಟೆ ಮಣದ ಲೆಕ್ಕದಲ್ಲಿ ಒಳಗೆ ಬರುತ್ತಿತ್ತು. ರೈಲು ಹತ್ತುವಾಗ ರೈಲು ಮಣದ ಲೆಕ್ಕದಲ್ಲಿ ಹೊರಗೆ ಹೋಗುತ್ತಿತ್ತು. ರೈಲು ಮಣ ದೊಡ್ಡದು. ಅದರೊಳಗೆ ಮೂರು ಪೇಟೆ ಮಣ ಕೂತು ಇನ್ನೂ ಚೂರು ಜಾಗ ಉಳಿಯುತ್ತದೆ. ಆ ಮಣವನ್ನು ಈ ಮಣಕ್ಕೆ ತಿರುಗಿಸಿ ಚೀಟಿ ಬರೆಯುವುದು ನನ್ನ ಕೆಲಸ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಅದನ್ನೂ ನಾನು ಯಾವ ಹೊತ್ತಿನಲ್ಲಿ ಮರೆತೆ ಎಂಬುದನ್ನು ಮುಂದೆ ಹೇಳುತ್ತೇನೆ.

ಗೋದಾಮಿನಲ್ಲಿ ಎಂಟು ಜನ ಹಮಾಲಿಗಳು. ತಾತ ಅವರ ಮುಖ್ಯಸ್ಥ. ಅವನನ್ನೂ ಸೇರಿಸಿ ಐದು ಜನಕ್ಕೆ ತಲೆ ಪೂರ್ತಿ ನರೆತಿತ್ತು. ಒಬ್ಬೊಬ್ಬರ ತೋಳಿಗೂ ಒಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ಇಲ್ಲದವನು ಗೇಟು ದಾಟುವ ಹಾಗಿಲ್ಲ. ಉಳಿದವರು ಮೂಟೆ ಹೊತ್ತು ಸಂಜೆಗೆ ಸೊಂಟ ಹಿಡಿದುಕೊಂಡು ಮನೆಗೆ ಹೋದರೆ ತಾತ ಬೆಳಿಗ್ಗೆ ಬಂದ ಹಾಗೇ ನೆಟ್ಟಗೆ ಹೋಗುತ್ತಿದ್ದ. ಗುಟ್ಟು ಏನು ಅಂತ ಕೇಳಿದರೆ, "ಮನೇಲೊಂದು ಕಂಬಿ ಐತೆ" ಅನ್ನುತ್ತಿದ್ದ. ಜೈಲಿನ ಕಂಬಿಯೇ ಇರಬೇಕು ಅಂತ ನಾನು ಊರೆಲ್ಲ ಹೇಳಿಕೊಂಡು ಬಂದೆ.

ಹೋಗಿ ನೋಡಿದರೆ ಅದು ಗಣಿಯಲ್ಲಿ ಅದಿರು ತುಂಬಿ ತಳ್ಳುವ ಸಣ್ಣ ಗಾಡಿಯ ಅಚ್ಚು. ಎರಡು ಕಬ್ಬಿಣದ ಗಾಲಿ, ಮಧ್ಯೆ ಒಂದು ಕಂಬಿ. ತಾತ ವಯಸ್ಸಿನಲ್ಲಿ ನಂದಿದುರ್ಗ ಚಿನ್ನದ ಗಣಿಯ ಕೂಲಿಮನೆಗಳ ಲೈನಿನಲ್ಲಿದ್ದು, ನೆಲದ ಕೆಳಗೆ ಆ ಗಾಡಿಗಳನ್ನೇ ತಳ್ಳುತ್ತಿದ್ದನಂತೆ. ಒಂದು ಗಾಡಿ ಮುರಿದಾಗ ಅಚ್ಚನ್ನು ಕೇಳಿ ತೆಗೆದುಕೊಂಡು, ಗಣಿ ಬಿಟ್ಟು ಬರುವಾಗ ರೈಲಿನಲ್ಲಿ ತಂದ. ಪೇಟೆಯ ತಕ್ಕಡಿಯಲ್ಲಿ ತೂಗಿದರೆ ಐದು ಮಣ.

ಬೆಳಿಗ್ಗೆ ಎದ್ದು ಮುಖ ತೊಳೆದು, ಗಾಲಿಗಳ ನಡುವೆ ಪಾದ ಇಟ್ಟು, ಬಗ್ಗಿ ಕಂಬಿ ಹಿಡಿದು ಎದ್ದು ನಿಲ್ಲುವುದು. ಇಳಿಸುವುದು. ಹತ್ತು ಸಲ. ಅಷ್ಟೇ. ಎಣ್ಣೆ ಇಲ್ಲ, ಬಾದಾಮಿ ಇಲ್ಲ, ತೊಡೆ ತಟ್ಟುವುದಿಲ್ಲ. ಹನ್ನೊಂದನೆಯದು ಯಾಕೆ ಇಲ್ಲ ಅಂದರೆ, "ನಾಳೆಗೇನಾರ ಉಳೀಬೇಕಲ್ಲ" ಅನ್ನುತ್ತಿದ್ದ. ಆಮೇಲೆ ಮುದ್ದೆ, ಹುರುಳಿ ಸಾರು.

ಆದರೆ ನಾನು ಬಾಯಿಬಿಟ್ಟು ನೋಡಿದ್ದು ಎತ್ತುವುದನ್ನಲ್ಲ, ಇಳಿಸುವುದನ್ನು. ಬಂಡೆಯ ಮೇಲೆ ಐದು ಮಣ ಕಬ್ಬಿಣ ಇಳಿಯುತ್ತಿತ್ತು, ಸದ್ದೇ ಇಲ್ಲ. ಬೆಕ್ಕು ಮಾಡಿನಿಂದ ಇಳಿದ ಹಾಗೆ.

"ಲೈನಿನಾಗೆ ಗೋಡೆ ಅಂದ್ರೆ ಬಿದಿರು ತಟ್ಟಿ ಕಣಪ್ಪ" ಅಂದ ತಾತ. "ನಾನು ಬೆಳಿಗ್ಗೆ ಇದನ್ನ ಎತ್ತೋ ವೊತ್ತಿಗೆ ಪಕ್ಕದ ಮನೆಯೋನು ರಾತ್ರಿ ಶಿಫ್ಟು ಮುಗ್ಸಿ ಬಂದು ಆಗ ತಾನೆ ಕಣ್ಣು ಮುಚ್ಚಿರ್ತಾನೆ. ಧಡ್ ಅನ್ನಿಸಿದ್ರೆ ಅವ್ನ ನಿದ್ದೆ ನಾನು ತಿಂದಂಗಲ್ವಾ. ಎತ್ತೋದು ಯಾರಾದ್ರೂ ಎತ್ತಾರೆ. ಇಳ್ಸೋದ್ರಾಗೆ ಐತೆ ಬೆನ್ನು ಸೊಂಟ ಎಲ್ಲಾ."

ನಾನೂ ಒಂದು ಕೈ ನೋಡುತ್ತೇನೆ ಅಂದೆ. ಕಂಬಿ ನೆಲ ಬಿಡಲಿಲ್ಲ. ನಾನು ಎಳೆದ ರಭಸಕ್ಕೆ ಉರುಳಿತು. ತಾತನ ಮನೆ ಇಳಿಜಾರಿನ ಮೇಲೆ. ಆ ಗಾಲಿಗಳಿಗೆ ಎಷ್ಟೋ ವರ್ಷದಿಂದ ಉರುಳುವ ಆಸೆ ಇತ್ತೋ ಏನೋ, ಅಂಗಳ ದಾಟಿ, ಅಜ್ಜಿ ಒಣಹಾಕಿದ್ದ ರಾಗಿಯ ಮೇಲೆ ಎರಡು ಸಮನಾದ ಹಳಿ ಹಾಕಿಕೊಂಡು, ಕೋಲಾರದ ದಿಕ್ಕಿಗೆ ಟಿಕೆಟ್ಟಿಲ್ಲದೆ ಹೊರಟವು. ಹಿಂದೆ ಪಂಚೆ ಕೈಯಲ್ಲಿ ಹಿಡಿದುಕೊಂಡು ನಾನು. ಕೊನೆಗೆ ಯಾರದೋ ತಿಪ್ಪೆ ಅದನ್ನು ನಿಲ್ಲಿಸಿತು. ನನ್ನನ್ನೂ ನಿಲ್ಲಿಸಿತು.

ಅಜ್ಜಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಈ ಗುಮಾಸ್ತಪ್ಪನ್ನ ಒಳಕ್ಕೆ ಬಿಡ್ಬೇಡ. ಮೊದ್ಲು ಬಾವಿ ಅತ್ರ ಕರ್ಕೊಂಡೋಗು" ಅಂದಳು.

ಇಷ್ಟೇ ಆಗಿದ್ದರೆ ನಗುತ್ತ ಮುಗಿಸಿಬಿಡಬಹುದಿತ್ತು.

ಗೋದಾಮಿಗೆ ಹೊಸ ಮ್ಯಾನೇಜರು ಬಂದರು. ಮದರಾಸಿನ ಕಡೆಯವರು, ಕೆಟ್ಟವರಲ್ಲ, ಲೆಕ್ಕ ಸರಿ ಇರಬೇಕು ಅನ್ನುವವರು. ಮೂಟೆ ಹೊರುವವರಲ್ಲಿ ಮುದುಕರು ಜಾಸ್ತಿ ಇದ್ದಾರೆ, ಯಾರಾದರೂ ಬಿದ್ದು ಸತ್ತರೆ ಯಾರು ಹೊಣೆ ಅಂತ ಎಂಟೂ ಜನರನ್ನು ಸಾಲಾಗಿ ನಿಲ್ಲಿಸಿ ವಯಸ್ಸು ಕೇಳಿದರು. ತಾತನ ಸರದಿ ಬಂತು.

"ವಯಸ್ಸೆಷ್ಟು?"

"ನಂಗೇನ್ ಗೊತ್ತು ಸಾಮಿ. ದೊಡ್ಡ ಬರ ಬಂದಾಗ ಅಂಬೆಗಾಲಿಡ್ತಿದ್ದೆ ಅಂತ ನಮ್ಮವ್ವ ಏಳ್ತಿದ್ಲು."

ಮ್ಯಾನೇಜರಿಗೆ ಆ ಬರ ಯಾವುದೆಂದು ಗೊತ್ತಿರಲಿಲ್ಲ. ತಲೆ ಅಲ್ಲಾಡಿಸಿ ಮುಂದಿನವನ ಕಡೆ ತಿರುಗಿದ್ದರು. ಅಷ್ಟರಲ್ಲಿ ಲೆಕ್ಕದ ಪ್ರವೀಣನಾದ ನಾನು ಪಕ್ಕದಿಂದ, "ಹಾಗಾದ್ರೆ ಅರವತ್ತು ದಾಟ್ತು ಸಾರ್" ಅಂದೆ. ಯಾರೂ ಕೇಳಿರಲಿಲ್ಲ. ನಾಲಿಗೆಯೇ ಎದ್ದು ನಿಂತು ಹಾಜರಿ ಹೇಳಿತು.

ಮ್ಯಾನೇಜರು ಪೆನ್ಸಿಲ್ ತೆಗೆದರು. "ಅರವತ್ತಾ? ಬಿಲ್ಲೆ ಬಿಚ್ಚಿಡು. ಐವತ್ತೈದು ದಾಟಿದವರೆಲ್ಲ ಬಿಚ್ಚಿಡಿ."

ಉಳಿದ ನಾಲ್ಕು ನರೆತ ತಲೆಗಳು ತಾತನ ಕಡೆ ತಿರುಗಿದವು. ತಾತ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ವಾಸಿಯಿತ್ತು. ನಾನು ಮಾಡಿದ ಗುಂಡಿಯನ್ನು ಮುಚ್ಚಲು ಇನ್ನೂ ಆಳವಾಗಿ ತೋಡಿದೆ.

"ಸಾರ್, ಈ ತಾತ ಬೆಳಿಗ್ಗೆ ಮುದ್ದೆ ತಿನ್ನೋ ಮುಂಚೆ ಐದು ಮಣ ಕಬ್ಬಿಣ ಹತ್ತು ಸಲ ಎತ್ತುತ್ತಾರೆ ಸಾರ್. ನಾನೇ ಕಣ್ಣಾರೆ ನೋಡಿದೀನಿ."

"ಐದು ಮಣ?"

"ಹೌದು ಸಾರ್."

ಅವರು ನನ್ನನ್ನೂ ತಾತನನ್ನೂ ನೋಡಿ, ಮೊದಲ ಸಲ ನಕ್ಕರು. "ಹತ್ತು ಸಲ ಬೇಡ. ಐದೂ ಬೇಡ. ಮೂರು ಮಣ, ಒಂದೇ ಸಲ, ನನ್ನ ಮುಂದೆ ಎತ್ತಲಿ. ನೆಟ್ಟಗೆ ನಿಂತು, ನಾನು ಮೂರು ಎಣಿಸೋವರೆಗೂ ಹಿಡಿದಿರಲಿ. ಒಂದು ತಿಂಗಳು ಟೈಮು. ಎತ್ತಿದರೆ ಈ ಗೋದಾಮಿನಲ್ಲಿ ಇನ್ನು ಯಾರ ವಯಸ್ಸೂ ಕೇಳೋದಿಲ್ಲ. ಎತ್ತದಿದ್ದರೆ ಐದು ಬಿಲ್ಲೆನೂ ನನ್ನ ಮೇಜಿನ ಮೇಲೆ."

"ಒಂದೇ ಕೈಲಿ ಎತ್ತುತ್ತಾರೆ ಸಾರ್" ಅಂದೆ ನಾನು.

ಗೆದ್ದವನಂತೆ ಮೇಜಿಗೆ ಬಂದು ಕೂತು ಚೀಟಿ ಬರೆಯತೊಡಗಿದೆ. ಹುಣಸೆಹಣ್ಣು, ಪೇಟೆ ಮಣ ಇಷ್ಟು, ರೈಲು ಮಣ ಇಷ್ಟು. ಅಲ್ಲಿಗೆ ಪೆನ್ನು ನಿಂತಿತು. ಮದರಾಸಿನ ಕಡೆಯವರಾದರೂ ಈ ಮ್ಯಾನೇಜರು ಇಪ್ಪತ್ತು ವರ್ಷ ರೈಲಿನ ಸರಕಿನಲ್ಲೇ ಬೆಳೆದವರು. ಅವರ ಬಾಯಲ್ಲಿ ಮಣ ಅಂದರೆ ಒಂದೇ ಮಣ. ಮೂರು ರೈಲು ಮಣ ಅಂದರೆ ಹತ್ತು ಪೇಟೆ ಮಣಕ್ಕೆ ಒಂದಿಷ್ಟೇ ಕಮ್ಮಿ. ತಾತ ಎತ್ತುತ್ತಿದ್ದದ್ದರ ಎರಡರಷ್ಟು.

ಹಮಾಲಿಗಳು ಅದಕ್ಕಿಂತ ಸ್ವಲ್ಪ ಕಮ್ಮಿ ತೂಕದ ಮೂಟೆಗಳನ್ನು ಬೆನ್ನ ಮೇಲೆ ಹೊರುತ್ತಾರೆ, ನಿಜ. ಆದರೆ ಬೆನ್ನಿಗೆ ಏರಿಸಲು ಇಬ್ಬರಿರುತ್ತಾರೆ. ನೆಲದಿಂದ ಒಬ್ಬನೇ ಕೀಳುವುದು ಬೇರೆ ಮಾತು.

ಸಂಜೆ ಹೋಗಿ ತಾತನಿಗೆ ಹೇಳಿದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ತಾತ ಗಾಲಿಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದ.

"ರೈಲು ಮಣವಾ?"

"ಹೂಂ ತಾತ."

"ಎಷ್ಟು ದಿನ ಐತೆ?"

"ಒಂದು ತಿಂಗಳು."

ಎಲೆಯಡಿಕೆ ಉಗುಳಿ, ಅಜ್ಜಿಯ ಕಡೆ ತಿರುಗಿ, "ಎರಡು ಗೋಣಿಚೀಲ ಕೊಡಮ್ಮಿ" ಅಂದ.

ಮರುದಿನದಿಂದ ಆ ಚೀಲಗಳನ್ನು ಗಾಲಿಗಳ ಹೊರಮೈಗೆ ಬಿಗಿದು ಕಟ್ಟಿ, ದಿನಕ್ಕೆ ಆ ಕಡೆ ಒಂದು ಬೊಗಸೆ, ಈ ಕಡೆ ಒಂದು ಬೊಗಸೆ ಮರಳು. ಜಾಸ್ತಿ ಹಾಕಿದರೆ ಬೇಗ ಆಗುತ್ತದಲ್ಲ ಅಂತ ನಾನು ಒಂದು ಮೊರ ತುಂಬ ಎತ್ತಿಕೊಂಡು ಬಂದೆ. ತಾತ ಮೊರ ಕಿತ್ತುಕೊಂಡು ಪಕ್ಕಕ್ಕಿಟ್ಟ. "ಕಂಬಿಗೆ ಗೊತ್ತಾಗ್ಬಾರ್ದು, ಬೆನ್ನಿಗೂ ಗೊತ್ತಾಗ್ಬಾರ್ದು. ಅಂಗೆ ಆಕ್ಬೇಕು." ತೂಕ ಏರಿದಂತೆ ಎತ್ತುವುದು ಇಳಿಯಿತು. ಹತ್ತು ಎಂಟಾಯಿತು, ಐದಾಯಿತು, ಮೂರಾಯಿತು. ಇಳಿಸುವಾಗ ಮಾತ್ರ ಸದ್ದಿಲ್ಲ.

ಮೂರು ವಾರ ಹೀಗೇ ನಡೆಯಿತು. ಮುಂದೆ ನಡೆಯಲಿಲ್ಲ. ಒಂದು ಬೆಳಿಗ್ಗೆ ತಾತ ಬಗ್ಗಿದವನು ಅರ್ಧ ಎದ್ದು, ಹಾಗೇ ಇಳಿಸಿ, ಕೈ ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಡುತ್ತ ನಿಂತ. ಕುತ್ತಿಗೆಯ ನರ ಹುರಿಹಗ್ಗದಂತೆ ಎದ್ದಿತ್ತು. ಅಜ್ಜಿ ಒಲೆ ಬಿಟ್ಟು ಬಂದಳು.

"ಸಾಕು. ಬಿಲ್ಲೆ ಓದ್ರೆ ಓಗ್ಲಿ, ನೀನು ಓಗ್ಬೇಡ."

"ನಂದೊಂದೇ ಆಗಿದ್ರೆ ಬಿಚ್ಚಿ ಬಿಸಾಕ್ತಿದ್ದೆ ಕಣಮ್ಮಿ."

ಬಿಲ್ಲೆ ಹೋಗಲಿದ್ದ ಉಳಿದ ನಾಲ್ಕು ಹಮಾಲಿಗಳು ದಿನಾ ಬೇಲಿಯ ಆಚೆ ಬಂದು ನಿಂತು ಹೋಗುತ್ತಿದ್ದರು. ಅವರಲ್ಲಿ ಒಬ್ಬ, ತೆಲುಗು ಮನೆಮಾತಿನವನು, ಒಂದು ದಿನ ಗೋದಾಮಿನಲ್ಲಿ ನನ್ನ ಮೇಜಿನ ಮುಂದೆ ನಿಂತ. "ಏಮಯ್ಯಾ ಬಾಬು, ನಿನ್ ನಾಲಿಗೆ ತೂಕ ಎಷ್ಟು? ಒಂದ್ಸಲ ತೂಗಿ ನೋಡು. ರೈಲು ಮಣದಾಗೆ ತೂಗು" ಅಂದ. ನಾನು ಚೀಟಿಯ ಮೇಲೆ ಬಗ್ಗಿ, ಬರೆದಿದ್ದ ಅಂಕಿಯನ್ನೇ ಇನ್ನೊಂದು ಸಲ ಬರೆದೆ.

ಕೊನೆಯ ಶುಕ್ರವಾರ ಪೂರ್ತಿ ತೂಕಕ್ಕೆ ಕೈ ಹಾಕಿದಾಗ ಗಾಲಿ ನೆಲ ಬಿಟ್ಟಿತು, ಮೊಳಕಾಲಿನವರೆಗೆ ಬಂತು, ಅಲ್ಲೇ ನಿಂತಿತು. ತಾತ ಇಳಿಸಿದ. "ಇನ್ನು ಎರಡು ದಿನ ಮುಟ್ಟೋದಿಲ್ಲ" ಅಂದ.

ಶನಿವಾರ ಕಂಬಿ, ಚೀಲ ಎಲ್ಲ ಗೋದಾಮಿಗೆ ಬಂತು. ಮ್ಯಾನೇಜರ ಎದುರಿಗೇ ತೂಕದ ಮಿಷನ್ನಿನ ಮೇಲೆ ಇಟ್ಟು, ಹೊಳೆಯಿಂದ ಆಗ ತಾನೆ ತಂದ ಮರಳು ಸುರಿದು, ಸರಿಯಾಗಿ ಮೂರು ಮಣ ಮಾಡಿದೆವು. ಸೋಮವಾರ ಬೆಳಿಗ್ಗೆ ಎತ್ತುವುದು.

ಭಾನುವಾರ ಮಧ್ಯಾಹ್ನ ಗೋದಾಮಿನಲ್ಲಿ ಕಾವಲುಗಾರ ಮೂಟೆಗಳ ಮಧ್ಯೆ ಗೊರಕೆ ಹೊಡೆಯುತ್ತಿದ್ದ. ಬೀಗದ ಕೈ ನನ್ನ ಹತ್ತಿರ ಒಂದಿತ್ತು. ಚೀಲಗಳ ಬಾಯಿ ಬಿಚ್ಚಿ, ಆ ಕಡೆ ಐದು ಸೇರು, ಈ ಕಡೆ ಐದು ಸೇರು ಮರಳು ತೆಗೆದು ಬಕೆಟ್ಟಿಗೆ ಹಾಕಿಕೊಂಡು ಹಿಂದಿನ ಬೇಲಿಗೆ ಸುರಿದೆ. ಪಾಪಪ್ರಜ್ಞೆ ಅಂತ ಒಂದಿರುತ್ತದಲ್ಲ, ಅದು ನನಗೆ ಮರಳಿನ ರೂಪದಲ್ಲಿ ಚಪ್ಪಲಿಯೊಳಗೆ ಸೇರಿಕೊಂಡು ಮನೆಯವರೆಗೂ ಕಚ್ಚಿತು. ಆದರೂ ಸಮಾಧಾನವಿತ್ತು. ಹತ್ತು ಸೇರಿನ ವ್ಯತ್ಯಾಸದಲ್ಲಿ ಐದು ಮನೆ ಉಳಿಯುತ್ತದೆ. ಯಾರಿಗೆ ಗೊತ್ತಾಗುತ್ತದೆ?

ಸೋಮವಾರ ಗೋದಾಮಿನ ಕಲ್ಲುಚಪ್ಪಡಿಯ ಮೇಲೆ ಕಂಬಿ ಇತ್ತು. ಮ್ಯಾನೇಜರು ಕುರ್ಚಿಯಲ್ಲಿ ಕೂರದೆ ನಿಂತಿದ್ದರು. ತಾತ ತೋಳಿನ ಬಿಲ್ಲೆ ಬಿಚ್ಚಿ, ಒರೆಸಿ, ಮೂಟೆಯ ಮೇಲಿಟ್ಟ. ಗಾಲಿಗಳ ನಡುವೆ ಪಾದ ಇಟ್ಟ. ಬಗ್ಗಿದ.

ಎದ್ದಿತು. ಮೊಳಕಾಲು ದಾಟಿತು. ತೊಡೆಯ ಮಧ್ಯಕ್ಕೆ ಬಂತು. ನಾನು ಉಸಿರು ಬಿಡಬೇಕು, ಅಷ್ಟರಲ್ಲಿ ತಾತ ನಿಂತುಬಿಟ್ಟ. ಕಂಬಿ ಹಿಡಿದುಕೊಂಡೇ ಎಡಕ್ಕೊಂದು ಸಲ, ಬಲಕ್ಕೊಂದು ಸಲ ಕಣ್ಣು ಹಾಯಿಸಿದ. ಆಮೇಲೆ ನಿಧಾನವಾಗಿ ಕೆಳಗಿಳಿಸಿದ.

ಹಮಾಲಿಗಳಲ್ಲಿ ಯಾರೋ "ಅಯ್ಯೋ ಶಿವನೆ" ಅಂತ ಮೆಲ್ಲಗೆ ಅಂದರು. ಮ್ಯಾನೇಜರು ಬಿಲ್ಲೆಯ ಕಡೆ ಕೈ ಚಾಚಿದರು.

"ಆಗಲ್ವಾ ತಾತ?"

"ಆಗ್ತೈತೆ ಸಾಮಿ. ಇದು ಮೂರು ಮಣ ಇಲ್ಲ. ಕಮ್ಮಿ ಐತೆ. ತೂಗ್ಸಿ."

ನಾಲ್ಕು ಜನ ಕಂಬಿಯನ್ನು ಮಿಷನ್ನಿನ ಮೇಲಿಟ್ಟರು. ತೂಗಬೇಕಾದವನು ನಾನು. ತೂಕದ ಗುಂಡನ್ನು ಶನಿವಾರದ ಗೆರೆಯಿಂದ ಹಿಂದಕ್ಕೆ ಸರಿಸಿದೆ.

"ಎಷ್ಟು?" ಅಂದರು ಮ್ಯಾನೇಜರು.

"ಹತ್ತು ಸೇರು ಕಮ್ಮಿ ಸಾರ್."

ಅವರು ಮಿಷನ್ನಿನಿಂದ ಕಣ್ಣೆತ್ತಿ ನನ್ನ ಮುಖದ ಮೇಲಿಟ್ಟರು. "ಶನಿವಾರ ಸರಿ ಇತ್ತಲ್ಲ. ಬೀಗದ ಕೈ ಯಾರ ಹತ್ತಿರ ಇತ್ತು?"

ಆಗ ನನ್ನ ಕಣ್ಣು ಚೀಲಗಳ ಮೇಲೆ ಬಿತ್ತು. ಹಮಾಲಿಗಳು ಚೀಲದ ಬಾಯಿಗೆ ಹಾಕುವ ಗಂಟು ಬೇರೆ. ಎರಡು ಸುತ್ತು ಹೊಡೆದು ಒಳಗೆ ಸಿಕ್ಕಿಸುತ್ತಾರೆ. ಆ ಎರಡು ಚೀಲಗಳ ಬಾಯಲ್ಲಿ ಪಂಚೆಗೆ ಹಾಕುವಂಥ ಎರಡು ಮುದ್ದಾದ ಗಂಟುಗಳಿದ್ದವು. ನನ್ನ ಹೆಸರು ಬರೆದು ಅಂಟಿಸಿದ್ದರೂ ಅಷ್ಟು ಸ್ಪಷ್ಟವಾಗಿರುತ್ತಿರಲಿಲ್ಲ.

ತಾತ ಮಿಷನ್ನಿನ ಹತ್ತಿರ ಬಂದು, ಚೀಲಗಳಿಗೂ ಮ್ಯಾನೇಜರಿಗೂ ಅಡ್ಡವಾಗಿ ಕುಕ್ಕರುಗಾಲಲ್ಲಿ ಕೂತ. "ಒಳೆ ಮರಳು ಸಾಮಿ. ಅವತ್ತು ಒದ್ದೆ ಇತ್ತು. ಎರಡು ದಿನದಾಗೆ ಆರಿರ್ಬೌದು" ಅನ್ನುತ್ತಲೇ ಎರಡೂ ಗಂಟುಗಳನ್ನು ತನ್ನ ಕೈಯಿಂದ ಬಿಚ್ಚಿದ. ಒಂದು ಹಿಡಿ ಮರಳು ತೆಗೆದು ಬೆರಳ ಸಂದಿನಿಂದ ಉದುರಿಸಿ ತೋರಿಸಿದ. ಮೇಲಿನ ಪದರ ಒಣಗಿತ್ತು, ನಿಜವೇ. "ತನ್ರಪ್ಪಾ, ಇನ್ನು ಹತ್ತು ಸೇರು ಆಕಿ."

ಆ "ಇರ್ಬೌದು" ಅನ್ನುವ ಮಾತಿನ ಮೇಲೆ ನನ್ನ ಕೆಲಸ ನಿಂತಿತ್ತು. ಮ್ಯಾನೇಜರು ಮರಳನ್ನು ನೋಡಿದರು, ತಾತನನ್ನು ನೋಡಿದರು, ಕೊನೆಗೆ "ಹಾಕಿ" ಅಂದರು.

ಈ ಸಲ ತೂಕ ಸರಿಯಾಗಿತ್ತು. ಅದನ್ನು ಮ್ಯಾನೇಜರೇ ಬಗ್ಗಿ ನೋಡಿದರು. ಒಂದು ಸಲ ಎತ್ತಿ ಇಳಿಸಿದ ಬೆನ್ನು ಮತ್ತೆ ಬಗ್ಗಿತು. ತಾತನ ಬೆರಳುಗಳು ಕಂಬಿಯನ್ನು ಸುತ್ತಿಕೊಂಡು ಬೆಳ್ಳಗಾದವು. ಗಾಲಿ ನೆಲದಲ್ಲೇ ಇತ್ತು. ಇನ್ನೂ ನೆಲದಲ್ಲೇ ಇತ್ತು. ಕಾಲ ಮೀನಖಂಡ ನಡುಗಿತು. ಗಾಲಿಯ ಅಡಿಯಲ್ಲಿ ಕಡ್ಡಿಯಷ್ಟು ಬೆಳಕು ಕಂಡಿತು. ಮೊಳಕಾಲಿಗೆ ಬಂದು ಶುಕ್ರವಾರ ನಿಂತ ಜಾಗದಲ್ಲೇ ನಿಂತಿತು. ಆ ತೆಲುಗಿನ ಹಮಾಲಿ ಪಕ್ಕದವನ ತೋಳು ಹಿಡಿದುಕೊಂಡ. ಅದು ನನ್ನ ತೋಳು ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ತಾತನ ಸೊಂಟ ಚೂರು ಮುಂದೆ ಬಂತು, ಎದೆ ಮೇಲೆದ್ದಿತು, ನೆಟ್ಟಗೆ ನಿಂತ.

"ಒಂದು. ಎರಡು. ಮೂರು" ಅಂದರು ಮ್ಯಾನೇಜರು ಬೇಗ ಬೇಗ. "ಸಾಕು, ಬಿಟ್ಟುಬಿಡು. ಕೈಬಿಡು ತಾತ."

ತಾತ ಕೈಬಿಡಲಿಲ್ಲ. ತುಟಿ ಕಚ್ಚಿಕೊಂಡು, ತೊಡೆಯ ಮೇಲಿಂದ, ಮೊಳಕಾಲ ಮುಂದಿನಿಂದ, ಇಂಚಿಂಚಾಗಿ ಇಳಿಸಿದ. ಮೂರು ರೈಲು ಮಣ ಕಲ್ಲಿನ ಮೇಲೆ ಕೂತಿತು. ಅವತ್ತೂ ಮೂಟೆಗಳ ಮಧ್ಯೆ ಮಲಗಿದ್ದ ಕಾವಲುಗಾರನಿಗೆ ಎಚ್ಚರವಾಗಲಿಲ್ಲ.

ಮ್ಯಾನೇಜರು ಬಿಲ್ಲೆಯನ್ನು ತಾವೇ ತೆಗೆದು ತಾತನ ಕೈಗೆ ಕೊಟ್ಟರು. "ಇನ್ನು ಯಾರ ವಯಸ್ಸೂ ಕೇಳೋದಿಲ್ಲ" ಅಂದು ಒಳಗೆ ಹೋದರು. ಆಡಿದ ಮಾತಿಗೆ ತಪ್ಪಲಿಲ್ಲ.

ಎರಡು ದಿನ ತಾತ ನನ್ನ ಮೇಜಿನ ಮುಂದೆ ಹಾಯದೆ ಸುತ್ತಿ ಹೋದ. ಮೂರನೆಯ ದಿನ ನಾನೇ ಮನೆಗೆ ಹೋದೆ. ಅಂಗಳದಲ್ಲಿ ಕೂತು ಚೀಲಗಳನ್ನು ಒದರುತ್ತಿದ್ದ.

"ಎಷ್ಟು ತೆಗ್ದೆ?"

"ಹತ್ತು ಸೇರು ತಾತ."

"ನಂಗೆ ಎಂಟು ಅನ್ನಿಸ್ತು" ಅಂದು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ, ಎರಡು ಸೇರು ಎಲ್ಲಿ ತಪ್ಪಿತು ಅನ್ನುವ ಹಾಗೆ.

"ಯಾಕೆ ಹೇಳಿದೆ ತಾತ? ಎತ್ತಿ ನಿಂತಿದ್ರೆ ಮುಗೀತಿತ್ತಲ್ಲ."

"ಮುಗೀತಿತ್ತು. ನಾಳೆ ಬೆಳಿಗ್ಗೆ ಈ ಕಂಬಿ ಮುಂದೆ ನಿಂತ್ಕೋಬೇಕಾದೋನು ನಾನಲ್ವಾ." ಚೀಲ ಮಡಚಿ ಪಕ್ಕಕ್ಕಿಟ್ಟ. "ಬೆಳಿಗ್ಗೆ ಬಾ. ಆ ಅತ್ತು ಸೇರು ಮರಳು ತಗಂಡು ಬಾ. ಅದ್ರಿಂದಾನೇ ಸುರು ಮಾಡ್ಕೊ. ವಾರಕ್ಕೊಂದು ಬೊಗಸೆ. ತಿಳೀತೇನ್ಲಾ?"

ಅಲ್ಲಿಯವರೆಗೆ ನಾನು ಗುಮಾಸ್ತಪ್ಪನಾಗಿದ್ದೆ, ಬಾಬು ಆಗಿದ್ದೆ. "ಲಾ" ಅನ್ನಿಸಿಕೊಂಡದ್ದು ಅವತ್ತೇ ಮೊದಲು. ಬೇಲಿಯಲ್ಲಿ ಸುರಿದಿದ್ದ ಮರಳನ್ನು ಮುಳ್ಳಿನ ಸಮೇತ ಗೋರಿಕೊಂಡು ಬಂದು ಶುರು ಮಾಡಿದೆ. ಮೊದಲ ದಿನ ಹತ್ತು ಸೇರಿನ ಚೀಲವನ್ನು ಕಾಲ ಮೇಲೆ ಹಾಕಿಕೊಂಡು ವಾರ ಕುಂಟಿದೆ. ಹತ್ತು ಸಲ ಎತ್ತುವಾಗ ತಾತ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತಿರುತ್ತಿದ್ದ. ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದ. ಸದ್ದಾದರೆ "ಪಕ್ಕದ ಮನೆಯೋನು ಎದ್ದ" ಅನ್ನುತ್ತಿದ್ದ. ಸದ್ದಾಗದಿದ್ದರೆ "ಊಂ" ಅನ್ನುತ್ತಿದ್ದ. ಐದು ವರ್ಷದಲ್ಲಿ ನನಗೆ ಸಿಕ್ಕ ಊಂಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ತಾತ ತೀರಿಕೊಂಡ. ಮೂರು ದಿನದ ಜ್ವರ. ನಾಲ್ಕನೆಯ ದಿನ ಬೆಳಿಗ್ಗೆ ಮುಖ ತೊಳೆದು ಗೋಡೆಗೆ ಒರಗಿ ಕೂತವನು ಹಾಗೇ ಇದ್ದ. ಬಿಲ್ಲೆ ತೋಳಿನಲ್ಲೇ ಇತ್ತು.

ತಿಥಿ ಮುಗಿದ ಮೇಲೆ ಅಜ್ಜಿ ಕಂಬಿಯ ಕಡೆ ಕೈ ತೋರಿಸಿದಳು. "ನೀನೇ ತಗಂಡೋಗಪ್ಪ. ಮೂವತ್ತು ವರ್ಸ ಇದ್ರ ಪಕ್ಕದಾಗೆ ಮಲಗಿದೀನಿ. ಒಂದ್ ದಿನಾನೂ ಇದು ನನ್ನ ಎಬ್ಬಿಸ್ಲಿಲ್ಲ. ಇದ್ರ ಸದ್ದು ನಾನು ಕೇಳಿದ್ದು ನೀನು ಬಂದ್ ಮ್ಯಾಲೇನೇ."

ಕಂಬಿ ಈಗ ನನ್ನ ಅಂಗಳದಲ್ಲಿದೆ. ಉರುಳಬಾರದೆಂದು ಎರಡೂ ಕಡೆ ಕಲ್ಲು ಕೊಟ್ಟಿದ್ದೇನೆ. ಐದು ಪೇಟೆ ಮಣ, ಹತ್ತು ಸಲ; ಎತ್ತುವುದು ಎತ್ತುತ್ತೇನೆ. ಇಳಿಸುವಾಗ ಪಕ್ಕದ ಮನೆಯ ಮಗು ಅಳುವುದಕ್ಕೆ ಶುರು ಮಾಡುತ್ತದೆ, ಅದರ ತಾಯಿ ನನ್ನನ್ನು ತಮಿಳಿನಲ್ಲಿ ಬೈಯುತ್ತಾಳೆ. ಮೊನ್ನೆ ಮಾತ್ರ ಏಳನೆಯ ಸಲ ಇಳಿಸಿದಾಗ ಮಗು ಅಳಲಿಲ್ಲ, ಯಾರೂ ಬೈಯಲಿಲ್ಲ. ಗಾಲಿ ಕಲ್ಲಿನ ಮೇಲೆ ಕೂತಿದೆಯೋ ಇಲ್ಲವೋ ಅಂತ ನಾನೇ ಬಗ್ಗಿ ನೋಡಿದೆ. ಕೂತಿತ್ತು.

ಕಂಬಿ ಬಿಡದೆ ಹಾಗೇ ಬಗ್ಗಿಕೊಂಡು, ಬೆನ್ನ ಹಿಂದಿನಿಂದ ಒಂದು "ಊಂ" ಬರುತ್ತದೇನೋ ಅಂತ ಸ್ವಲ್ಪ ಹೊತ್ತು ಕಾದೆ.